ಹಳೆಯ ಮುಳ್ಳು, ಹೊಸ ಕಿಡಿ

ಹಳೆಯ ಮೋಟಾರು ಕಾರನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದವರಿಗೆ ಈ ಪೇಚು ಹೊಸದಲ್ಲ. ಪದೇ ಪದೇ ಸವೆಯುವ ಪಾಯಿಂಟುಗಳನ್ನು ತೆಗೆಸಿ ಎಲೆಕ್ಟ್ರಾನಿಕ್ ಇಗ್ನಿಶನ್ ಹಾಕಿಸುತ್ತಾರೆ. ಎಂಜಿನ್ ಸಲೀಸಾಗಿ ಓಡುತ್ತದೆ. ಆದರೆ ಅದರ ಸುತ್ತುಗಳನ್ನು ತೋರಿಸಬೇಕಾದ ಟ್ಯಾಕೋಮೀಟರಿನ ಮುಳ್ಳು ಸೊನ್ನೆ ಬಿಟ್ಟು ಏಳುವುದಿಲ್ಲ, ಇಲ್ಲವೆ ಮನಬಂದಂತೆ ಕುಣಿಯುತ್ತದೆ. ನಿಲ್ದಾಣಕ್ಕೆ ಮುಳ್ಳು ಸರಿಯಾಗಿ ಹೊಂದದಿದ್ದರೆ ರೇಡಿಯೋ ಕೆಟ್ಟಿತೆಂದು ನೀವು ಹೇಳುವುದುಂಟೆ? ಈ ಮೀಟರಿನ ಸಂಗತಿಯೂ ಹೆಚ್ಚುಕಡಿಮೆ ಹಾಗೆಯೇ.

ಇಂಗ್ಲೆಂಡಿನ ಎಂ.ಜಿ.ಬಿ. ಕಾರನ್ನು ತೆಗೆದುಕೊಳ್ಳಿ. 1964ರ ಕೊನೆಯಿಂದ ಅದಕ್ಕೆ ಸ್ಮಿತ್ಸ್ ಕಂಪನಿಯ ವಿದ್ಯುತ್ ಟ್ಯಾಕೋಮೀಟರ್ ಬಂದಿತು. ಅದರ ನಾಲ್ಕು ಸಿಲಿಂಡರಿನ ಎಂಜಿನ್‌ಗೆ ಒಂದು ಸುತ್ತಿಗೆ ಎರಡು ಕಿಡಿ ಬೇಕು. ನಿಮಿಷಕ್ಕೆ 3000 ಸುತ್ತಾದರೆ ಸೆಕೆಂಡಿಗೆ 100 ಕಿಡಿ. ಪ್ರತಿ ಕಿಡಿಗೂ ಮುನ್ನ ಕಾಯಿಲಿನಲ್ಲಿ ಪ್ರವಾಹ ಏರಿ ಥಟ್ಟನೆ ಕಡಿಯುತ್ತದೆ. ಸ್ವಿಚ್ಚಿನಿಂದ ಕಾಯಿಲಿಗೆ ಹೋಗುವ ಬಿಳಿಯ ತಂತಿ ಮೀಟರಿನ ಬೆನ್ನನ್ನು ಬಳಸಿಕೊಂಡು ಹೋಗುತ್ತದೆ. ಅಲ್ಲಿ ಹಾಯುವ ಪ್ರವಾಹದ ಮಿಡಿತಗಳನ್ನೇ ಮೀಟರು ಎಣಿಸುವುದು. ಮುಖದ ಮೇಲೆ ಸಣ್ಣದಾಗಿ ‘ಆರ್.ವಿ.ಐ.’ ಎಂದಿದ್ದರೆ ಅದು ಈ ಜಾತಿಯದು. ಆಮೇಲೆ ಬಂದ ‘ಆರ್.ವಿ.ಸಿ.’ ಜಾತಿಯದು ಕಾಯಿಲಿನ ತುದಿಯ ವೋಲ್ಟೇಜಿನ ಏರಿಳಿತವನ್ನು ನೋಡುತ್ತದೆ. ಒಂದರ ತಂತಿಕ್ರಮ ಇನ್ನೊಂದಕ್ಕೆ ಒಗ್ಗದು.

ಆದ್ದರಿಂದ, ಬ್ಯಾಟರಿಯ ತಂತಿ ಕಳಚಿಟ್ಟು, ಮೊದಲು ಜಾತಿಯನ್ನು ಗುರುತಿಸಿರಿ. ಆರ್.ವಿ.ಐ. ಆದರೆ ಕಾಯಿಲಿನ ಪ್ರವಾಹ ಮೀಟರಿನ ಬೆನ್ನಿನ ಮೂಲಕವೇ ಹೋಗುತ್ತಿದೆಯೇ ನೋಡಿರಿ. ಹೊಸ ಇಗ್ನಿಶನ್ ಕೂಡಿಸುವಾಗ ಸ್ವಿಚ್ಚಿನಿಂದ ಕಾಯಿಲಿಗೆ ನೇರ ತಂತಿ ಎಳೆದಿದ್ದರೆ ಮೀಟರಿಗೆ ಎಣಿಸಲು ಏನೂ ಉಳಿದಿರುವುದಿಲ್ಲ. ಹೊಸ ಉಪಕರಣಕ್ಕೆ ಬೇಕಾದ ವಿದ್ಯುತ್ತನ್ನು ಮೀಟರಿಗಿಂತ ಮುಂಚೆ, ಸ್ವಿಚ್ಚಿನ ಕಡೆಯಿಂದ ಕೊಡಿರಿ. ಮೀಟರಿನೊಳಗೆ ಕಾಯಿಲಿನ ಪ್ರವಾಹವೊಂದೇ ಹಾಯಲಿ. ತಂತಿ ಸುತ್ತಿದ ದಿಕ್ಕು ತಿರುಗುಮುರುಗಾದರೂ ಎಣಿಕೆ ಕೆಡುತ್ತದೆ.

ಕೆಪಾಸಿಟರಿನಿಂದ ಕಿಡಿ ಹಾರಿಸುವ ಇಗ್ನಿಶನ್ನಿಗೆ ಈ ಉಪಾಯ ಸಾಲದು. ಅಲ್ಲಿ ಕಾಯಿಲಿನ ಮಿಡಿತ ಬಿಳಿಯ ತಂತಿಯಲ್ಲಿ ಹಾಯುವುದೇ ಇಲ್ಲ. ಮಿಡಿತವನ್ನು ಒದಗಿಸುವ ಅಡಾಪ್ಟರು ಬೇಕು. ಇಲ್ಲವೆ ಬಲ್ಲವರಿಂದ ಮೀಟರಿನ ಒಳಗಿನ ಸರ್ಕ್ಯೂಟನ್ನು ಬದಲಾಯಿಸಬೇಕು. ಹಳೆಯ ಮುಖ, ಹಳೆಯ ಮುಳ್ಳು ಹಾಗೆಯೇ ಉಳಿಯುತ್ತವೆ.

ಇಷ್ಟು ಶ್ರಮ ಅಲಂಕಾರಕ್ಕಲ್ಲ. ಸತ್ತ ಮುಳ್ಳಿಗಿಂತ ಸುಳ್ಳು ಹೇಳುವ ಮುಳ್ಳು ಅಪಾಯ: ಅದನ್ನು ನಂಬಿದ ಚಾಲಕ ಕೆಂಪು ಗೆರೆ ಇನ್ನೂ ದೂರವಿದೆಯೆಂದು ಎಂಜಿನ್‌ನ್ನು ಮಿತಿಮೀರಿ ಓಡಿಸಿಯಾನು. ಮೀಟರಿನ ರಿಪೇರಿ ಒಂದು ದಿನದ ಕೆಲಸ, ಎಂಜಿನ್ನಿನದು ಹಾಗಲ್ಲ.