ನದಿಯಲ್ಲಿ ಒಗೆದ ಭಾಷೆ

ಇಟಲಿಗೆ ಹೋಗಿ ಅಲ್ಲಿಯೇ ಎರಡು ತಿಂಗಳಿದ್ದು ಇಟಾಲಿಯನ್ ಕಲಿಯುವ ಶಿಕ್ಷಣಕ್ರಮಗಳ ಬಗೆಗೆ ನಮ್ಮ ವಿಭಾಗದ ಕೆಲವು ವಿದ್ಯಾರ್ಥಿಗಳು ಈಚೆಗೆ ವಿಚಾರಿಸಿದರು. ಐಚ್ಛಿಕ ಕನ್ನಡ ಓದುವವರಿಗೆ ಇಟಾಲಿಯನ್ನಿನ ಗೊಡವೆ ಏಕೆ ಎಂದು ಕೇಳುವವರೂ ಇದ್ದಾರೆ. ಈ ಆಕ್ಷೇಪ ನನಗೆ ಒಪ್ಪಿಗೆಯಿಲ್ಲ. ಭಾಷೆಯೊಂದರಲ್ಲಿ ಮುಳುಗಿ ಅದನ್ನು ಕಲಿಯುವುದು ಎಂದರೇನು ಎಂಬುದು ಸಾಂಗಲಿ-ಮಿರಜದಲ್ಲಿ ಬದುಕುವ ಕನ್ನಡಿಗನಿಗೆ ನೇರವಾಗಿ ಸಂಬಂಧಿಸಿದ ಪ್ರಶ್ನೆ.

ಇಂಗ್ಲಿಷಿನಲ್ಲಿ ಇಮ್ಮರ್ಶನ್ ಎನ್ನುವ ಈ ಪದ್ಧತಿಯನ್ನು ‘ಭಾಷಾ ನಿಮಜ್ಜನ’ ಎಂದು ಕರೆಯೋಣ. ಪೆರೂಜಾ, ಸಿಯೆನಾ ಎಂಬ ಊರುಗಳಲ್ಲಿ ವಿದೇಶೀಯರಿಗೆಂದೇ ವಿಶ್ವವಿದ್ಯಾಲಯಗಳಿವೆ. ಅಲ್ಲಿ ವಿದ್ಯಾರ್ಥಿಯು ಇಟಾಲಿಯನ್ನರ ಮನೆಯಲ್ಲಿ ವಾಸಕ್ಕಿದ್ದರೆ, ತರಗತಿಯಲ್ಲಿ ಕೇಳಿದ ಮಾತನ್ನು ರೊಟ್ಟಿಯಂಗಡಿಯಲ್ಲಿಯೂ ಊಟದ ಮೇಜಿನಲ್ಲಿಯೂ ಮತ್ತೆ ಕೇಳುತ್ತಾನೆ. ದೇಶವನ್ನೇ ಬಿಟ್ಟು ಹೋಗದೆ ಇದನ್ನು ಸಾಧಿಸುವ ಉಪಾಯವೂ ಉಂಟು. ಅಮೆರಿಕದ ಮಿಡಲ್‌ಬರಿ ಕಾಲೇಜಿನಲ್ಲಿ 1915ರಿಂದ ಬೇಸಿಗೆಯ ಭಾಷಾಶಾಲೆಗಳು ನಡೆಯುತ್ತಿವೆ. ಅಲ್ಲಿ ಸೇರುವವರು ಶಾಲೆ ಮುಗಿಯುವವರೆಗೆ ಕಲಿಯುವ ಭಾಷೆಯನ್ನಲ್ಲದೆ ಬೇರೆಯದನ್ನು ಆಡೆನೆಂದು ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಬೇಕು.

ಕನ್ನಡಿಗನಿಗೆ ಇಟಾಲಿಯನ್ ಕೆಲವು ಕಡೆ ಅನಿರೀಕ್ಷಿತವಾಗಿ ಆಪ್ತವೆನಿಸುತ್ತದೆ. ಅದರ ಪದಗಳು ಬಹುಮಟ್ಟಿಗೆ ನಮ್ಮ ಪದಗಳಂತೆ ಸ್ವರಾಂತ. ಅಲ್ಲಿ ‘ನೊನೊ’ ಎಂದರೆ ಒಂಬತ್ತನೆಯದು, ‘ನೊನ್ನೊ’ ಎಂದರೆ ಅಜ್ಜ. ಇಂಗ್ಲಿಷರು ಈ ದ್ವಿತ್ವವನ್ನು ಕಿವಿಗೆ ತಂದುಕೊಳ್ಳಲು ಹೆಣಗುತ್ತಾರೆ. ಬಳಿ-ಬಳ್ಳಿ, ಹಳಿ-ಹಳ್ಳಿಗಳ ಭೇದವನ್ನು ತೊಟ್ಟಿಲಲ್ಲಿಯೇ ಕಲಿತ ನಮಗೆ ಅದು ಕಷ್ಟವಲ್ಲ. ‘ಪಾರ್ಲೊ’ ಎಂದರೆ ಮಾತನಾಡುತ್ತೇನೆ, ‘ಪಾರ್ಲಿ’ ಎಂದರೆ ಮಾತನಾಡುತ್ತೀಯೆ. ಆಖ್ಯಾತ ಪ್ರತ್ಯಯವೇ ಕರ್ತೃವನ್ನು ತಿಳಿಸುವುದರಿಂದ ಸರ್ವನಾಮವನ್ನು ಬಿಡಬಹುದು. ಕೇಶಿರಾಜನ ಸೂತ್ರಗಳನ್ನು ಓದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗೌರವಕ್ಕೆ ಅವರು ಬಳಸುವ ‘ಲೇಯಿ’ ಎಂಬ ಸರ್ವನಾಮಕ್ಕೆ ಮೂಲಾರ್ಥ ‘ಅವಳು’. ಎದುರಿಗಿರುವ ಹಿರಿಯ ಗಂಡಸನ್ನೂ ಅದೇ ಸರ್ವನಾಮದಿಂದ ಸಂಬೋಧಿಸುತ್ತಾರೆ. ನಗಬೇಡಿ, ನಮ್ಮ ‘ತಾವು’ ಕೂಡ ಮೂಲದಲ್ಲಿ ಪ್ರಥಮಪುರುಷದ ಆತ್ಮಾರ್ಥಕ ಸರ್ವನಾಮವೇ, ಮರಾಠಿಯ ‘ಆಪಣ’ವೂ ಹಾಗೆಯೇ. ಇಂಥ ರೂಪಗಳನ್ನು ಪುಸ್ತಕದಿಂದ ತಿಳಿಯಬಹುದು, ಆದರೆ ಯಾರಿಗೆ ಯಾವಾಗ ಬಳಸಬೇಕೆಂಬುದು ಜನರ ನಡುವೆ ಇದ್ದಾಗಲೇ ಮೈಗೂಡುವುದು.

ಇಟಾಲಿಯನ್ನಿನಲ್ಲಿ ಮುಳುಗಲು ಹೊರಟ ಅತ್ಯಂತ ಪ್ರಸಿದ್ಧ ವಿದ್ಯಾರ್ಥಿ ಸ್ವತಃ ಇಟಲಿಯವನೇ. ಕಾದಂಬರಿಕಾರ ಅಲೆಸ್ಸಾಂದ್ರೊ ಮಾಂಜೊನಿ ಹುಟ್ಟಿದ್ದು 1785ರಲ್ಲಿ, ಮಿಲಾನಿನಲ್ಲಿ. ಅವನ ಮನೆಮಾತು ಮಿಲಾನಿನ ಪ್ರಾದೇಶಿಕ ನುಡಿ, ವಿದ್ವಜ್ಜನರೊಡನೆ ಆಡುತ್ತಿದ್ದುದು ಫ್ರೆಂಚ್. ಇಟಾಲಿಯನ್ ಅವನಿಗೆ ಹೆಚ್ಚಾಗಿ ಗ್ರಂಥಗಳ ಭಾಷೆಯಾಗಿತ್ತು. 1827ರಲ್ಲಿ ತನ್ನ ಕಾದಂಬರಿ ‘ಇ ಪ್ರೊಮೆಸ್ಸಿ ಸ್ಪೋಜಿ’ ಅಚ್ಚಾದ ಬಳಿಕ ಅದರ ಭಾಷೆ ಅವನಿಗೆ ಸಮಾಧಾನ ಕೊಡಲಿಲ್ಲ. ಅದೇ ವರ್ಷ ಕುಟುಂಬಸಮೇತ ಫ್ಲಾರೆನ್ಸಿಗೆ ಹೋಗಿ ಅಲ್ಲಿಯ ಜೀವಂತ ನುಡಿಗೆ ಕಿವಿಗೊಟ್ಟ. ತನ್ನ ಬಟ್ಟೆಗಳನ್ನು ಆರ್ನೊ ನದಿಯ ನೀರಿನಲ್ಲಿ ಜಾಲಿಸಿದ ಕೆಲಸವೆಂದು ಅದನ್ನು ಬಣ್ಣಿಸಿದ. ಮಿಲಾನಿಗೆ ಮರಳಿದ ಮೇಲೂ ಒಗೆತ ನಿಲ್ಲಲಿಲ್ಲ. ಎಮಿಲಿಯಾ ಲೂತಿ ಎಂಬ ಫ್ಲಾರೆನ್ಸಿನ ಗೃಹಶಿಕ್ಷಕಿಯನ್ನು ಕೇಳಿ ಕೇಳಿ ತನ್ನ ವಾಕ್ಯಗಳನ್ನು ತಿದ್ದಿದ. ಪರಿಷ್ಕೃತ ಆವೃತ್ತಿ 1840ರಿಂದ 1842ರವರೆಗೆ ಕಂತುಗಳಲ್ಲಿ ಹೊರಬಂದಿತು. ಒಂದು ಪುಸ್ತಕದ ಭಾಷೆಗಾಗಿ ಹದಿನೈದು ವರ್ಷ!

ಇಟಲಿ 1861ರಲ್ಲಿ ಒಂದು ರಾಷ್ಟ್ರವಾದಾಗ ಇಟಾಲಿಯನ್ ಆಡಬಲ್ಲವರು ಶೇಕಡ 2.5ರಷ್ಟು ಮಾತ್ರ ಎಂದು ಭಾಷಾವಿಜ್ಞಾನಿ ತುಲ್ಲಿಯೊ ದೆ ಮಾವ್ರೊ ಅಂದಾಜಿಸಿದ್ದಾನೆ. ಈ ಎಣಿಕೆಯನ್ನು ಹೆಚ್ಚಿಸಿದ ವಿದ್ವಾಂಸರೂ ಇದ್ದಾರೆ. ಫ್ಲಾರೆನ್ಸಿನ ನುಡಿಯನ್ನೇ ಶಾಲೆಗಳ ಮೂಲಕ ದೇಶಕ್ಕೆಲ್ಲ ಹರಡಬೇಕೆಂದು 1868ರಲ್ಲಿ ಮಾಂಜೊನಿ ವರದಿ ಬರೆದ. 1873ರಲ್ಲಿ ಗ್ರಾತ್ಸಿಯಾದಿಯೊ ಆಸ್ಕೊಲಿ ಇದನ್ನು ವಿರೋಧಿಸಿದ. ಒಂದು ಊರಿನ ಮಾತನ್ನು ಮೇಲಿನಿಂದ ಹೇರಿ ಭಾಷೆಯನ್ನು ಒಂದುಗೂಡಿಸಲಾಗದು, ಎಲ್ಲೆಡೆಯ ವಿದ್ಯಾವಂತರ ಬೌದ್ಧಿಕ ವ್ಯವಹಾರದಿಂದ ಅದು ರೂಪುಗೊಳ್ಳಬೇಕು ಎಂಬುದು ಅವನ ವಾದ. ನಾನು ಆಸ್ಕೊಲಿಯ ಪಕ್ಷ. ಜತ್ತ ತಾಲ್ಲೂಕಿನ ಉಮದಿಯಿಂದಲೋ ಸಂಖದಿಂದಲೋ ಬಂದ ಹುಡುಗಿ ತನ್ನ ಮನೆಯ ಕನ್ನಡ ಕನ್ನಡವೇ ಅಲ್ಲವೆಂದು ಅಳುಕಿ ತರಗತಿಯಲ್ಲಿ ಬಾಯಿ ತೆರೆಯದೆ ಕೂರುವುದನ್ನು ಕಂಡವರು ಬೇರೆ ಪಕ್ಷ ಹಿಡಿಯುವುದು ಕಷ್ಟ. ಕವಿರಾಜಮಾರ್ಗಕಾರನು ತಿರುಳ್ಗನ್ನಡದ ನೆಲೆಗಳೆಂದು ಹೆಸರಿಸಿದ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳೆಲ್ಲ ಉತ್ತರದವೇ ಎಂಬುದನ್ನು ಅವಳಿಗೆ ನೆನಪಿಸಬೇಕಾಗುತ್ತದೆ.

ಇನ್ನು ನಿಮಜ್ಜನದ ಎರಡು ಮುಖಗಳು. 1965ರಲ್ಲಿ ಕೆನಡಾದ ಮಾಂಟ್ರಿಯಲ್ ಸಮೀಪದ ಸೇಂಟ್ ಲ್ಯಾಂಬರ್ಟಿನಲ್ಲಿ ಇಂಗ್ಲಿಷ್ ಪಾಲಕರು ತಮ್ಮ ಮಕ್ಕಳಿಗೆ ಬಾಲವಾಡಿಯಿಂದಲೇ ಫ್ರೆಂಚಿನಲ್ಲಿ ಪಾಠ ಮಾಡಿಸಿದರು. ಮಕ್ಕಳು ಫ್ರೆಂಚ್ ಕಲಿತರು, ಅವರ ಇಂಗ್ಲಿಷಿಗೆ ಕುಂದು ಬರಲಿಲ್ಲ. ಏಕೆಂದರೆ ಮನೆಯಲ್ಲಿಯೂ ಉದ್ಯೋಗದಲ್ಲಿಯೂ ಇಂಗ್ಲಿಷಿಗೆ ಮನ್ನಣೆಯಿತ್ತು. ಇದನ್ನು ಅಧ್ಯಯನ ಮಾಡಿದ ವ್ಯಾಲೆಸ್ ಲ್ಯಾಂಬರ್ಟ್ ದ್ವಿಭಾಷಿಕತೆಯನ್ನು ‘ಕೂಡುವ’ದು, ‘ಕಳೆಯುವ’ದು ಎಂದು ವಿಂಗಡಿಸಿದನು. ಮನೆಮಾತಿಗೆ ಬೆಲೆಯಿಲ್ಲದ ಮಗುವನ್ನು ಪರಭಾಷೆಯ ಶಾಲೆಗೆ ನೂಕಿದರೆ ಒಂದು ಬರುವಾಗ ಇನ್ನೊಂದು ಹೋಗುತ್ತದೆ. ಕೃಷ್ಣೆಯಲ್ಲಿ ಮೀಯುವುದೂ ಮುಳುಗುವುದೇ, ಆದರೆ ಮಿಂದವನು ಮೇಲೆ ಬರುತ್ತಾನೆ. ನಾನು ಕನ್ನಡ, ಮರಾಠಿ ಎರಡರಲ್ಲಿಯೂ ಶಾಲೆ ಕಲಿತವನು. ಎರಡೂ ಉಳಿದದ್ದು ಎರಡಕ್ಕೂ ಓದುವ ಪುಸ್ತಕವಿದ್ದುದರಿಂದ, ಬರೆಯುವ ಪಾಟಿಯಿದ್ದುದರಿಂದ.

ಕೆನಡಾದ ಪ್ರಯೋಗಗಳಿಂದ ತಿಳಿದ ಮತ್ತೊಂದು ಸಂಗತಿ ನಿಮ್ಮ ಉತ್ತರಪತ್ರಿಕೆಗಳಿಗೆ ಸಂಬಂಧಿಸಿದ್ದು. ವರ್ಷಗಟ್ಟಲೆ ಫ್ರೆಂಚಿನಲ್ಲಿ ಪಾಠ ಕೇಳಿದ ಮಕ್ಕಳಿಗೆ ಕೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಆದರೆ ಮಾತಿನಲ್ಲಿ, ಬರಹದಲ್ಲಿ ವ್ಯಾಕರಣದೋಷಗಳು ಉಳಿದಿದ್ದವು. ಕಲಿಯುವವನು ತಾನೇ ವಾಕ್ಯ ಕಟ್ಟಿ ಹೇಳಬೇಕಾದ ಒತ್ತಡ ಬಂದಾಗಲೇ ರೂಪಗಳ ಕಡೆಗೆ ಗಮನ ಹೋಗುವುದೆಂದು ಮೆರಿಲ್ ಸ್ವೇನ್ 1985ರಲ್ಲಿ ವಾದಿಸಿದಳು. ಮೂರು ವರ್ಷ ಕನ್ನಡ ಉಪನ್ಯಾಸ ಕೇಳಿ, ಕೊಠಡಿಯಿಂದ ಹೊರಬಿದ್ದೊಡನೆ ಮರಾಠಿಗೆ ಹೊರಳುವವರಿಗೆ ಒಂದು ಪುಟ ಕನ್ನಡ ಬರೆಯುವುದು ಏಕೆ ತ್ರಾಸವಾಗುತ್ತದೆ ಎಂಬುದಕ್ಕೆ ಕಾರಣ ಇಲ್ಲಿದೆ.

ಮರಾಠಿಯನ್ನು ದೂರಮಾಡಿರೆಂದು ನಾನು ಹೇಳುತ್ತಿಲ್ಲ. ಈ ಊರಿನ ಚರಿತ್ರೆಯೇ ಅದಕ್ಕೆ ವಿರುದ್ಧ. ಕರ್ನಾಟಕದಿಂದ ಬಂದ ಭಾಗವತ ಮೇಳದ ಆಟವನ್ನು ಕಂಡ ಸಾಂಗಲಿಯ ದೊರೆಯ ಪ್ರೇರಣೆಯಿಂದ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾಸ್ವಯಂವರ’ವನ್ನಾಡಿದಾಗ ಮರಾಠಿ ರಂಗಭೂಮಿ ಆರಂಭವಾಯಿತು. ರಂ. ಶ್ರೀ. ಮುಗಳಿಯವರು ಇದೇ ಊರಿನ ವಿಲಿಂಗ್ಡನ್ ಕಾಲೇಜಿನಲ್ಲಿ ಕನ್ನಡ ಕಲಿಸಿದರು. ವಿ. ಕೃ. ಗೋಕಾಕರು 1938ರಲ್ಲಿ ಆಕ್ಸ್‌ಫರ್ಡಿನಿಂದ ಮರಳಿ ಅದೇ ಕಾಲೇಜಿನ ಪ್ರಾಚಾರ್ಯರಾದರು. ಇಂಗ್ಲಿಷಿನ ನಾಡಿನಲ್ಲಿ ಮುಳುಗಿ ಬಂದವರು ಕನ್ನಡದಲ್ಲಿ ಬರೆದರು. ಇದು ಕೂಡುವ ಲೆಕ್ಕ. ಮರಾಠಿಯ ‘ಅಣ್ಣಾ’, ‘ಅಕ್ಕಾ’, ‘ತೂಪ’ಗಳು ನಮ್ಮವೇ, ನಮ್ಮ ‘ಪಗಾರ’, ‘ಜಾಗಾ’ ಆ ಕಡೆಯಿಂದ ಬಂದವು.

ಇಟಲಿಗೆ ಹೋಗಲು ಹಣ, ವೀಸಾ ಬೇಕು. ಮೈಸೂರಿಗೆ ಹೋಗಲು ರೈಲು ಸಾಕು. 1969ರಲ್ಲಿ ಸ್ಥಾಪಿತವಾದ ಭಾರತೀಯ ಭಾಷಾ ಸಂಸ್ಥಾನದ ಪ್ರಾದೇಶಿಕ ಕೇಂದ್ರಗಳು ಸೇವೆಯಲ್ಲಿರುವ ಶಿಕ್ಷಕರಿಗೆ ಇನ್ನೊಂದು ಭಾರತೀಯ ಭಾಷೆಯನ್ನು ಹತ್ತು ತಿಂಗಳ ಕ್ರಮದಲ್ಲಿ ಕಲಿಸುತ್ತ ಬಂದಿವೆ. ಕನ್ನಡಕ್ಕೆ ಮೈಸೂರು, ಮರಾಠಿಗೆ ಪುಣೆ. ಮುಂದೆ ಶಿಕ್ಷಕವೃತ್ತಿಗೆ ಹೋಗುವವರು ಇದನ್ನು ನೆನಪಿಡಿ. ಅಲ್ಲಿಯವರೆಗೆ ಮಿಡಲ್‌ಬರಿಯ ಪ್ರತಿಜ್ಞೆಯನ್ನು ಸಣ್ಣ ಪ್ರಮಾಣದಲ್ಲಿ ನಾವೇ ನಡೆಸಿ ನೋಡೋಣ. ಬರುವ ಸತ್ರದಿಂದ ವಾರಕ್ಕೊಂದು ಮಧ್ಯಾಹ್ನ ವಿಭಾಗದ ಕೊಠಡಿಯಲ್ಲಿ ಕನ್ನಡವೊಂದೇ ಮಾತು. ಜತ್ತದ ಕನ್ನಡ, ಮಿರಜದ ಕನ್ನಡ, ಯಾವುದಾದರೂ ಸರಿ. ಪ್ರತಿಯೊಬ್ಬರೂ ಮನೆಯ ಹಿರಿಯರಿಂದ ಕೇಳಿದ ಐದು ಮಾತುಗಳನ್ನು ಬರೆದು ತರಬೇಕು. ಅದಕ್ಕೊಂದು ದಪ್ಪ ವಹಿಯನ್ನು ಕಪಾಟಿನಲ್ಲಿ ಇಡಲಾಗುವುದು.