ಬಂದರು ಬಿಟ್ಟ ಹಡಗು

ಶಿಕ್ಷಣವೆಂದರೆ ಶಾಲೆ, ಶಾಲೆಯೆಂದರೆ ನಾಲ್ಕು ಗೋಡೆಗಳ ನಡುವಣ ಪಾಠ ಎಂಬ ಭಾವನೆ ಬಹುಕಾಲದಿಂದ ಬೇರೂರಿದೆ. ಗ್ರಂಥಜ್ಞಾನವು ಬುದ್ಧಿಯನ್ನು ಬೆಳಗಿಸುತ್ತದೆ, ನಿಜ. ಆದರೆ ಕಷ್ಟ ಬಂದೊದಗಿದಾಗ ಎದೆಗುಂದದಿರುವುದು, ಜೊತೆಗಾರನ ಭಾರವನ್ನು ಹಂಚಿಕೊಳ್ಳುವುದು, ತನ್ನ ನಿರ್ಧಾರದ ಫಲವನ್ನು ತಾನೇ ಉಣ್ಣುವುದು, ಇವು ಕೇವಲ ಓದಿನಿಂದ ಬರತಕ್ಕವಲ್ಲ. ಇಂತಹ ಗುಣಗಳನ್ನು ಬೆಳೆಸುವ ಸಲುವಾಗಿ ಪ್ರೌಢಶಾಲೆಯ ವಿದ್ಯಾರ್ಥಿಗಳನ್ನು ಹಲವು ದಿನಗಳ ಕಾಲ ನಿರ್ಜನವಾದ ಕಾಡುಬೆಟ್ಟಗಳಲ್ಲಿ ನಡೆಸುವ ಪದ್ಧತಿಯೊಂದು ಅಮೆರಿಕದಲ್ಲಿ ಬೆಳೆದುಬಂದಿದೆ. ಅದರ ಮೂಲವಾದರೋ ಪರ್ವತದಲ್ಲಿಲ್ಲ, ಸಮುದ್ರದಲ್ಲಿದೆ.

ಕರ್ಟ್ ಹಾನ್ (1886–1974) ಜರ್ಮನಿಯ ಶಿಕ್ಷಣತಜ್ಞ. ಹಿಟ್ಲರನ ಪಕ್ಷದ ಹಿಂಸೆಯನ್ನು ಬಹಿರಂಗವಾಗಿ ಖಂಡಿಸಿದ ಆತನು 1933ರಲ್ಲಿ ಸೆರೆಮನೆ ಸೇರಬೇಕಾಯಿತು. ಬಿಡುಗಡೆ ಹೊಂದಿ ಬ್ರಿಟನ್ನಿಗೆ ಬಂದ ಆತನು 1934ರಲ್ಲಿ ಸ್ಕಾಟ್ಲೆಂಡಿನಲ್ಲಿ ಗಾರ್ಡನ್‌ಸ್ಟನ್ ಶಾಲೆಯನ್ನು ಸ್ಥಾಪಿಸಿದನು. ಎರಡನೆಯ ಮಹಾಯುದ್ಧ ಆರಂಭವಾದಾಗ ಜರ್ಮನಿಯ ಜಲಾಂತರ್ಗಾಮಿಗಳು ಬ್ರಿಟನ್ನಿನ ವ್ಯಾಪಾರಿ ಹಡಗುಗಳನ್ನು ಮುಳುಗಿಸತೊಡಗಿದವು. ಹಡಗು ಕಂಪನಿಯೊಂದರ ಒಡೆಯನಾಗಿದ್ದ ಲಾರೆನ್ಸ್ ಹೋಲ್ಟನಿಗೆ ಒಂದು ಸಂಗತಿ ಬಹುವಾಗಿ ಕಾಡಿತು. ಜೀವರಕ್ಷಕ ದೋಣಿಗಳಲ್ಲಿ ದೇಹಬಲವುಳ್ಳ ತರುಣರು ಅಸುನೀಗುತ್ತಿದ್ದರು. ಕಡಲನ್ನು ಬಲ್ಲ ಹಿರಿಯ ನಾವಿಕರು ಬದುಕಿ ಉಳಿಯುತ್ತಿದ್ದರು. ತರುಣರಲ್ಲಿ ಕೊರತೆಯಾಗಿದ್ದುದು ಶಕ್ತಿಯಲ್ಲ, ಅನುಭವ ಮತ್ತು ಆತ್ಮವಿಶ್ವಾಸ ಎಂದು ಅವನು ಬಗೆದನು. ಅವನ ನೆರವಿನಿಂದ ಹಾನ್ 1941ರಲ್ಲಿ ವೇಲ್ಸ್ ಪ್ರಾಂತದ ಅಬರ್ಡೋವಿಯಲ್ಲಿ ತರಬೇತಿ ಶಾಲೆಯೊಂದನ್ನು ತೆರೆದನು. ಅದರ ಹೆಸರು ‘ಔಟ್‌ವರ್ಡ್ ಬೌಂಡ್’. ಬಂದರಿನ ಆಶ್ರಯವನ್ನು ತೊರೆದು ಕಡಲಿಗೆ ಹೊರಟ ಹಡಗನ್ನು ಕುರಿತು ನಾವಿಕರು ಬಳಸುವ ಮಾತು ಅದು.

ಯುದ್ಧ ಮುಗಿದರೂ ಶಾಲೆ ಮುಚ್ಚಲಿಲ್ಲ. ಅದರ ತತ್ತ್ವ ಅಟ್ಲಾಂಟಿಕ್ ಸಾಗರವನ್ನು ದಾಟಿತು. 1962ರಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದ ಪರ್ವತಗಳಲ್ಲಿ ಮೊದಲ ಶಿಬಿರ ನಡೆಯಿತು. ಅಲ್ಲಿ ಬೋಧಕನಾಗಿದ್ದ ಪಾಲ್ ಪೆಟ್ಸೋಲ್ಟ್ 1924ರಲ್ಲಿ, ತನ್ನ ಹದಿನಾರನೆಯ ವಯಸ್ಸಿನಲ್ಲಿ, 13,775 ಅಡಿ ಎತ್ತರದ ಗ್ರ್ಯಾಂಡ್ ಟೀಟಾನ್ ಶಿಖರವನ್ನು ತಕ್ಕ ಉಡುಪಾಗಲಿ ಸಲಕರಣೆಯಾಗಲಿ ಇಲ್ಲದೆ ಏರಿ, ಚಳಿಯಿಂದ ಸಾವಿನ ಅಂಚಿಗೆ ಹೋಗಿ ಬಂದವನು. ಸಾಹಸಕ್ಕೆ ವಿವೇಕದ ಕಡಿವಾಣ ಬೇಕೆಂಬುದನ್ನು ಅವನು ಅರಿತನು. 1965ರಲ್ಲಿ ವಯೋಮಿಂಗ್ ರಾಜ್ಯದ ಲ್ಯಾಂಡರಿನಲ್ಲಿ ಅರಣ್ಯ ಸಂಚಾರದ ನಾಯಕತ್ವವನ್ನು ಕಲಿಸುವ ಶಾಲೆಯೊಂದನ್ನು ಅವನು ಆರಂಭಿಸಿದನು. ಅದಕ್ಕೆ ಹಿಂದಿನ ವರ್ಷವಷ್ಟೇ, ಎಂದರೆ 1964ರಲ್ಲಿ, ಸುಮಾರು 91 ಲಕ್ಷ ಎಕರೆ ಕಾಡನ್ನು ರಸ್ತೆ ಹಾಗೂ ವಾಹನಗಳ ಸೋಂಕಿಲ್ಲದಂತೆ ಕಾಪಾಡುವ ಶಾಸನ ಅಮೆರಿಕದಲ್ಲಿ ಜಾರಿಗೆ ಬಂದಿತ್ತು.

ಇಂತಹ ಪ್ರವಾಸದಲ್ಲಿ ಸಾಮಾನ್ಯವಾಗಿ ಹತ್ತು ಹನ್ನೆರಡು ಮಂದಿ ವಿದ್ಯಾರ್ಥಿಗಳೂ ಇಬ್ಬರು ಬೋಧಕರೂ ಇರುತ್ತಾರೆ. ಅನ್ನ, ವಸ್ತ್ರ, ವಸತಿ ಎಲ್ಲವೂ ಬೆನ್ನ ಮೇಲಿನ ಚೀಲದಲ್ಲಿಯೇ. ಆದುದರಿಂದ ಮೊದಲ ಪಾಠ ಚೀಲ ತುಂಬುವುದು. ಹಗುರವಾದ ಹಾಸಿಗೆಚೀಲ ಅಡಿಯಲ್ಲಿ; ಆಹಾರದಂತಹ ಭಾರದ ವಸ್ತುಗಳು ನಡುವೆ, ಬೆನ್ನಿಗೆ ಒತ್ತಿಕೊಂಡಂತೆ; ಮಳೆಯಂಗಿ ಮೇಲೆ, ಕೈಗೆ ಎಟುಕುವಂತೆ. ಸೊಂಟದ ಪಟ್ಟಿಯನ್ನು ಬಿಗಿದರೆ ಹೊರೆಯ ಬಹುಭಾಗ ಹೆಗಲಿನಿಂದ ಸೊಂಟಕ್ಕೆ ಇಳಿಯುತ್ತದೆ. ಹತ್ತಿಯ ಬಟ್ಟೆ ನೆನೆದರೆ ಮೈಯ ಶಾಖವನ್ನು ಹೀರುವುದರಿಂದ ಉಣ್ಣೆಯ ಉಡುಪಿಗೆ ಪ್ರಾಶಸ್ತ್ಯ. ಆಸೆಯಿಂದ ತುಂಬಿದ ಅನಾವಶ್ಯಕ ವಸ್ತುವಿನ ತೂಕ ಮೊದಲ ಏರಿನಲ್ಲಿಯೇ ತಿಳಿದುಬರುತ್ತದೆ. ಅವಶ್ಯಕತೆಗೂ ಆಸೆಗೂ ಇರುವ ಅಂತರವನ್ನು ಉಪದೇಶಕ್ಕಿಂತ ಚೆನ್ನಾಗಿ ಬೆನ್ನು ಕಲಿಯುತ್ತದೆ.

ಮುಂದಿನ ಪಾಠ ನಕ್ಷೆ ಮತ್ತು ದಿಕ್ಸೂಚಿಯದು. ನಕ್ಷೆಯಲ್ಲಿ ಒಂದೇ ಎತ್ತರದ ಸ್ಥಳಗಳನ್ನು ಕೂಡಿಸುವ ಗೆರೆಗಳು ಒತ್ತೊತ್ತಾಗಿದ್ದರೆ ಅಲ್ಲಿ ಕಡಿದಾದ ಏರು, ವಿರಳವಾಗಿದ್ದರೆ ಸಮತಟ್ಟು. ತೊರೆಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಕುದಿಸಿಯೋ ಶುದ್ಧಗೊಳಿಸಿಯೋ ಕುಡಿಯಬೇಕು. ಕೊಲೊರಾಡೊ ಪರ್ವತಗಳಲ್ಲಿ ಬೇಸಗೆಯ ಮಧ್ಯಾಹ್ನ ಸಿಡಿಲುಮಳೆ ಸಾಮಾನ್ಯ. ಆದುದರಿಂದ ಶಿಖರ ಏರುವವರು ನಸುಕಿನಲ್ಲಿಯೇ ಹೊರಟು, ನಡುಹಗಲಿನ ಹೊತ್ತಿಗೆ ಇಳಿಯತೊಡಗುತ್ತಾರೆ. ಶಿಖರ ಕಣ್ಣೆದುರಿಗಿದ್ದರೂ ಮೋಡ ಕಪ್ಪಾದರೆ ಹಿಂದಿರುಗತಕ್ಕದ್ದೇ. ಮುಂದೆ ನುಗ್ಗುವುದಕ್ಕಿಂತ ಹಿಂದಿರುಗುವುದಕ್ಕೆ ಕೆಲವೊಮ್ಮೆ ಹೆಚ್ಚಿನ ಧೈರ್ಯ ಬೇಕಾಗುತ್ತದೆ.

ದಿನ ಕಳೆದಂತೆ ಬೋಧಕರು ಹಿಂದೆ ಸರಿಯುತ್ತಾರೆ. ದಾರಿ ಹುಡುಕುವುದು, ಅಡುಗೆ ಮಾಡುವುದು, ದಣಿದವನ ಹೊರೆ ಹಂಚುವುದು ಎಲ್ಲವೂ ವಿದ್ಯಾರ್ಥಿಗಳ ಹೊಣೆಯಾಗುತ್ತದೆ. ತಂಡದ ವೇಗವನ್ನು ಗೊತ್ತುಪಡಿಸಬೇಕಾದುದು ಎಲ್ಲರಿಗಿಂತ ನಿಧಾನವಾಗಿ ನಡೆಯುವವನ ಹೆಜ್ಜೆ. ಅವನನ್ನು ಬಿಟ್ಟು ಮುಂದೆ ಹೋದವರು ಗುರಿಯನ್ನು ಮುಟ್ಟಿದವರೆನಿಸರು. ಅನೇಕ ಶಿಬಿರಗಳಲ್ಲಿ ಏಕಾಂತವಾಸವೆಂಬ ಘಟ್ಟವೂ ಉಂಟು. ಗೊತ್ತುಪಡಿಸಿದ ಸ್ಥಳದಲ್ಲಿ ಪ್ರತಿಯೊಬ್ಬರೂ ಒಂದೋ ಎರಡೋ ದಿನ ಒಂಟಿಯಾಗಿ ಕಳೆಯುತ್ತಾರೆ. ಬೋಧಕರು ದೂರದಿಂದಲೇ ಕ್ಷೇಮವನ್ನು ವಿಚಾರಿಸಿಕೊಳ್ಳುತ್ತಾರೆ. ಮಾತಿಲ್ಲ, ಮನರಂಜನೆಯಿಲ್ಲ, ತನ್ನ ಮನಸ್ಸಿನೊಡನೆ ತಾನೇ ಇರಬೇಕು. ಹಲವರಿಗೆ ಪರ್ವತಕ್ಕಿಂತ ಕಠಿನವಾಗಿ ತೋರುವುದು ಈ ಮೌನವೇ.

ಕಾಡಿನಲ್ಲಿ ಮನುಷ್ಯನು ಅತಿಥಿಯೇ ಹೊರತು ಒಡೆಯನಲ್ಲ. ಬಿಡಾರವನ್ನು ನೀರಿನ ನೆಲೆಯಿಂದ 200 ಅಡಿ ದೂರದಲ್ಲಿ ಹೂಡಬೇಕು. ಮಲವನ್ನು ಆರೆಂಟು ಅಂಗುಲ ಆಳದ ಗುಂಡಿಯಲ್ಲಿ ಮುಚ್ಚಬೇಕು. ತಂದ ಕಸವನ್ನೆಲ್ಲ ಮರಳಿ ಹೊತ್ತೊಯ್ಯಬೇಕು. ಬಂದುದಕ್ಕೆ ಗುರುತೇ ಉಳಿಯಬಾರದು.

ಎಳೆಯರನ್ನು ಹೀಗೆ ಅಪಾಯದ ಬಳಿಗೆ ಕರೆದೊಯ್ಯುವುದು ಸರಿಯೇ ಎಂಬ ಪ್ರಶ್ನೆ ಏಳುವುದು ಸಹಜ. ಪರ್ವತದಲ್ಲಿ ಅಪಾಯ ಪೂರ್ಣವಾಗಿ ಇಲ್ಲವಾಗದು. ತರಬೇತಿ ಪಡೆದ ಬೋಧಕರು, ಪ್ರಥಮ ಚಿಕಿತ್ಸೆ, ಮುನ್ನೆಚ್ಚರಿಕೆ ಇವುಗಳಿಲ್ಲದ ಪ್ರವಾಸ ಸಾಹಸವಲ್ಲ, ಹೊಣೆಗೇಡಿತನ. ಸಲಕರಣೆಯ ಹಾಗೂ ಶುಲ್ಕದ ವೆಚ್ಚ ಬಡ ವಿದ್ಯಾರ್ಥಿಗಳಿಗೆ ನಿಲುಕದೆಂಬ ಆಕ್ಷೇಪವೂ ಯುಕ್ತವಾದುದೇ. ಆದರೆ ಅಪಾಯದ ಪರಿಚಯವೇ ಇಲ್ಲದೆ ಬೆಳೆದವನು ಅದನ್ನು ಎದುರಿಸಬೇಕಾಗಿ ಬಂದಾಗ ಏನಾದಾನು ಎಂಬುದಕ್ಕೆ ಯುದ್ಧಕಾಲದ ಆ ಜೀವರಕ್ಷಕ ದೋಣಿಗಳೇ ಸಾಕ್ಷಿ. ಬಂದರಿನಲ್ಲಿರುವ ಹಡಗು ಕ್ಷೇಮವಾಗಿಯೇನೋ ಇರುತ್ತದೆ. ಹಡಗನ್ನು ಕಟ್ಟುವುದು ಮಾತ್ರ ಕಡಲಿಗಾಗಿ.