ಗುಳಿಗೆಯ ಗಂಟೆ, ಲೈಸೆನ್ಸಿನ ವರ್ಷ

ಪಾರ್ಕಿನ್ಸನ್ ಕಾಯಿಲೆ ಇರುವವರು ಕಾರು ಓಡಿಸಬಹುದೇ? ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವಂತಿಲ್ಲ. ಮಿದುಳಿನಲ್ಲಿ ಡೋಪಮಿನ್ ತಯಾರಿಸುವ ನರಕೋಶಗಳು ಸಾಯುತ್ತ ಹೋಗುವುದು ಈ ಕಾಯಿಲೆಯ ಮೂಲ. ಆ ಕೊರತೆ ತುಂಬಲು ಕೊಡುವ ಲೆವೊಡೋಪಾ ಸುಮಾರು ಒಂದೂವರೆ ಗಂಟೆಯಲ್ಲೇ ರಕ್ತದಲ್ಲಿ ಅರ್ಧಕ್ಕೆ ಇಳಿದಿರುತ್ತದೆ. ಮೊದಲ ವರ್ಷಗಳಲ್ಲಿ ಅಳಿದುಳಿದ ನರಕೋಶಗಳು ಡೋಪಮಿನ್ನನ್ನು ಕೂಡಿಟ್ಟುಕೊಂಡು ನಿಧಾನವಾಗಿ ಬಿಡುವುದರಿಂದ ಈ ಏರಿಳಿತ ಗೊತ್ತಾಗುವುದಿಲ್ಲ. ಅವೂ ಕಡಿಮೆಯಾದ ಮೇಲೆ ದೇಹ ಗುಳಿಗೆಯ ಜೊತೆಗೇ ಏರುತ್ತದೆ, ಅದರ ಜೊತೆಗೇ ಇಳಿಯುತ್ತದೆ. ವೈದ್ಯರು ಈ ಸ್ಥಿತಿಗಳನ್ನು ‘ಆನ್’, ‘ಆಫ್’ ಎನ್ನುತ್ತಾರೆ. ‘ಆಫ್’ ಹೊತ್ತಿನಲ್ಲಿ ಆಕ್ಸಿಲರೇಟರ್ ಮೇಲಿನ ಪಾದ ಎದ್ದು ಬ್ರೇಕಿನ ಮೇಲೆ ಬರುವುದು ತಡವಾಗುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅರ್ಧ ಸೆಕೆಂಡು ತಡವಾದರೂ ಕಾರು 8 ಮೀಟರಿಗಿಂತ ಹೆಚ್ಚು ಮುಂದೆ ಹೋಗಿರುತ್ತದೆ.

ನಮ್ಮ ಲೈಸೆನ್ಸು ಲೆಕ್ಕ ಹಾಕುವುದು ವರ್ಷಗಳಲ್ಲಿ. 55 ದಾಟಿದವರಿಗೆ ಅದು 5 ವರ್ಷಕ್ಕೊಮ್ಮೆ ಸಿಗುತ್ತದೆ. ಅರ್ಜಿಯ ಸ್ವಯಂಘೋಷಣೆಯಲ್ಲಿ ಮೂರ್ಛೆರೋಗ, ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವುದು, ತಲೆಸುತ್ತು ಇವೆಯೇ ಎಂಬ ಪ್ರಶ್ನೆ ಇದೆ, ಪಾರ್ಕಿನ್ಸನ್ ಹೆಸರಿಲ್ಲ. ಬೆಳಿಗ್ಗೆ ಒಂದು ಥರ, ಮಧ್ಯಾಹ್ನ ಇನ್ನೊಂದು ಥರ ಇರುವ ಕಾಯಿಲೆಯನ್ನು ಇಂಥ ಕಾರ್ಡು ಅಳೆಯಲಾರದು. ಹಾಗಾಗಿ ಓಡಿಸಬೇಕೇ ಬೇಡವೇ ಎಂಬ ತೀರ್ಮಾನ ಪ್ರತಿ ಸಲ ಕೀಲಿ ತಿರುಗಿಸುವ ಮುಂಚೆ ಆಗಬೇಕು ಎಂಬುದು ನನ್ನ ವಾದ. ಅದಕ್ಕೆ ಸಾಧನವೂ ಇದೆ: ಅರ್ಧ ಗಂಟೆಗೊಮ್ಮೆ ‘ಆನ್’, ‘ಆಫ್’ ಗುರುತು ಹಾಕುವ ಡೈರಿ. ಗುಳಿಗೆ ತೆಗೆದುಕೊಂಡ ಎಷ್ಟು ಹೊತ್ತಿಗೆ ಕೈಕಾಲು ಹದಕ್ಕೆ ಬರುತ್ತವೆ, ಬೇಳೆಕಾಳು, ಮೊಟ್ಟೆ ಹೆಚ್ಚಿದ್ದ ಊಟದ ದಿನ ಎಷ್ಟು ತಡವಾಗುತ್ತದೆ ಎಂಬುದು ಅದರಲ್ಲಿ ಕಾಣುತ್ತದೆ. ಪ್ರೋಟೀನಿನ ಅಂಶಗಳು ಲೆವೊಡೋಪಾ ಹೋಗುವ ದಾರಿಯಲ್ಲೇ ಪೈಪೋಟಿಗೆ ನಿಲ್ಲುತ್ತವೆ. ನಸುಗುನ್ನಿ ಬೀಜದಲ್ಲೂ ಲೆವೊಡೋಪಾ ಇದೆ; ಅದರ ಪುಡಿಯನ್ನು ವೈದ್ಯರಿಗೆ ತಿಳಿಸದೆ ಸೇವಿಸಿದರೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

‘ಆನ್ ಇದ್ದಾಗ ನಾನು ಎಲ್ಲರಂತೆಯೇ ಅಲ್ಲವೇ’ ಎಂದು ಕೇಳುವವರಿದ್ದಾರೆ. ಪೂರ್ತಿ ಹಾಗಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು ಇಂಥವರನ್ನು ರಸ್ತೆಯಲ್ಲೇ ಪರೀಕ್ಷಿಸಿದಾಗ, ತಪ್ಪುಗಳ ಸುಳಿವು ಕೈನಡುಕಕ್ಕಿಂತ ಹೆಚ್ಚಾಗಿ ದೃಷ್ಟಿ ಮತ್ತು ಗಮನದ ಪರೀಕ್ಷೆಗಳಲ್ಲಿ ಸಿಕ್ಕಿತು. ಮಬ್ಬುಗತ್ತಲಲ್ಲಿ ಬೂದು ರಸ್ತೆಯ ಮೇಲೆ ನಿಂತ ಬೂದು ಎಮ್ಮೆಯನ್ನು ಗುರುತಿಸುವ ಶಕ್ತಿಯನ್ನು ಗುಳಿಗೆ ಪೂರ್ತಿ ಮರಳಿಸುವುದಿಲ್ಲ. ದೇಹ ಮುನ್ಸೂಚನೆ ಕೊಟ್ಟೇ ಕೊಡುತ್ತದೆ ಎಂಬ ನಂಬಿಕೆಯೂ ಸಾಲದು. ಪ್ರಮಿಪೆಕ್ಸೋಲ್, ರೋಪಿನಿರೋಲ್ ಎಂಬ ಪಾರ್ಕಿನ್ಸನ್ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದ 8 ಮಂದಿ ವಾಹನ ಓಡಿಸುತ್ತಲೇ ನಿದ್ದೆಹೋದದ್ದು 1999ರಲ್ಲಿ ವರದಿಯಾಯಿತು. ಅವರಲ್ಲಿ ಕೆಲವರಿಗೆ ತೂಕಡಿಕೆಯ ಸುಳಿವೂ ಇರಲಿಲ್ಲ. ಈ ಮಾತ್ರೆಗಳನ್ನು ಹೊಸದಾಗಿ ಶುರುಮಾಡಿದಾಗ, ಪ್ರಮಾಣ ಹೆಚ್ಚಿಸಿದಾಗ ವೈದ್ಯರನ್ನು ಕೇಳದೆ ಸ್ಟಿಯರಿಂಗ್ ಹಿಡಿಯಬಾರದು.

ಹಾಗಾದರೆ ಕಾಯಿಲೆ ಪತ್ತೆಯಾದ ದಿನವೇ ಲೈಸೆನ್ಸು ಕಿತ್ತುಕೊಳ್ಳಬಾರದೇಕೆ? ಆರಂಭದ ಹಂತದಲ್ಲಿ ಎಷ್ಟೋ ಮಂದಿ ಸುರಕ್ಷಿತವಾಗಿ ಓಡಿಸುತ್ತಾರೆ. ಶಿಕ್ಷೆಯ ಭಯವಿದ್ದರೆ ಜನ ಕಾಯಿಲೆಯನ್ನೇ ಮುಚ್ಚಿಡುತ್ತಾರೆ, ಆಗ ಅಪಾಯ ಇನ್ನೂ ಹೆಚ್ಚು. ಬ್ರಿಟನ್ನಿನಲ್ಲಿ ಕಾಯಿಲೆಯನ್ನು ತಿಳಿಸುವುದು ಕಡ್ಡಾಯ. ತಿಳಿಸಿದವರಿಗೆ ಅಲ್ಪಾವಧಿಯ ಲೈಸೆನ್ಸು ಕೊಟ್ಟು ಮತ್ತೆ ಪರಿಶೀಲಿಸುವ ದಾರಿಯಿದೆ. ಇಲ್ಲಿಗೂ ಅದು ಬೇಕು. ಆದರೆ ಸ್ಕೂಟರ್ ವಿಷಯದಲ್ಲಿ ನಾನು ಅಷ್ಟು ಉದಾರಿಯಲ್ಲ. ಸಿಗ್ನಲ್ಲಿನಲ್ಲಿ ಕಾಲೂರಿ ನಿಲ್ಲುವಾಗ ಸಮತೋಲನ ತಪ್ಪಿದರೆ ಬೀಳುವುದು ಹಿಂದಿನಿಂದ ಬರುವ ಬಸ್ಸಿನ ಮುಂದೆ. ಕಾರಿಗಿಂತ ಎಷ್ಟೋ ಮೊದಲೇ ಅದನ್ನು ಬಿಡಬೇಕಾಗುತ್ತದೆ, ಆ ಮಾತನ್ನು ಮನೆಯವರು ಮತ್ತು ವೈದ್ಯರು ಕೂತು ಕಾಲ ಮೀರುವ ಮುಂಚೆಯೇ ಆಡಬೇಕು.